ಹಿರೇಕೊಳ್ಳದಲ್ಲಿ ಸುಮ್ಮನೆ ನಡೆದವರು

ಹಿರೇಕೊಳ್ಳದಲ್ಲಿ ಒಬ್ಬ ಮನುಷ್ಯ ರಸ್ತೆಯಲ್ಲಿ ನಡೆದುಕೊಂಡು ಹೊರಟಿದ್ದಾನೆ ಅಂದರೆ ಒಂದೋ ಅವನ ಬೈಕಿನ ಪೆಟ್ರೋಲು ತೀರಿದೆ, ಇಲ್ಲವೇ ಹೆಂಡತಿ ಮನೆಯಿಂದ ಹೊರಗೆ ಹಾಕಿದ್ದಾಳೆ ಎಂದು ಅರ್ಥ. ದೇವರ ಹೆಸರು ಹೇಳಿ ನಡೆಯುವುದು ಬೇರೆ ಮಾತು. ಅದಕ್ಕೆ ನಡಿಗೆ ಅನ್ನುವುದಿಲ್ಲ, ಪುಣ್ಯ ಅನ್ನುತ್ತಾರೆ. ಇದ್ಯಾವುದೂ ಅಲ್ಲದೆ, ಸುಮ್ಮನೆ ಕಾಲಿದೆ ಅಂತ ನಡೆಯುವ ಜನ ಭೂಮಿಯ ಮೇಲೆ ಇದ್ದಾರೆಂದು ಆ ಊರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನೀಲಾ. ಆಕೆ ಹೇಳಲು ಮರೆತಳು.

ಊರು ಇರುವುದು ಗಜೇಂದ್ರಗಡದ ಗುಡ್ಡದ ಸಾಲಿನಲ್ಲಿ, ಎರಡು ಗುಡ್ಡಗಳ ನಡುವಿನ ಕೊಳ್ಳದಲ್ಲಿ. ಗುಡ್ಡಗಳೆಂದರೆ ಹೆದರಿಸುವಂಥವಲ್ಲ. ಗಬ್ಬದ ಎಮ್ಮೆ ಕೂಡ ನಡುವೆ ನಿಂತು ಮೆಲುಕು ಹಾಕುತ್ತ ಆರಾಮಾಗಿ ಹತ್ತಿ ಇಳಿಯಬಹುದು. ನೀಲಾಳ ತವರು ಅಬ್ಬಿಗೇರಿ. ಅಲ್ಲಿ ನೆಲ ರೊಟ್ಟಿಯಂತೆ ಚಪ್ಪಟೆ. ಅಲ್ಲಿನ ಅತಿ ಎತ್ತರದ ಜಾಗವೆಂದರೆ ಹೊಟ್ಟಿನ ಬಣವೆ. ಅದರ ಮೇಲೆ ನಿಂತರೆ ಜಕ್ಕಲಿ ಕಾಣುತ್ತದೆ, ಜಕ್ಕಲಿಯವರ ಬಣವೆಯ ಮೇಲೆ ನಿಂತು ಇತ್ತ ನೋಡುತ್ತಿರುವವನೂ ಕಾಣುತ್ತಾನೆ. ಹಾಗಾಗಿ ಹಿರೇಕೊಳ್ಳಕ್ಕೆ ಸೊಸೆಯಾಗಿ ಬಂದ ದಿನ ನೀಲಾ ಮೊದಲು ಮೆಚ್ಚಿದ್ದು ಗುಡ್ಡವನ್ನು. ಗಂಡ ಮುತ್ತಣ್ಣನನ್ನು ಮೆಚ್ಚಲು ಇನ್ನೂ ಸ್ವಲ್ಪ ದಿನ ಹಿಡಿಯಿತು.

ಆ ಗುಡ್ಡ ಪೂರ್ತಿಯಾಗಿ ಕಾಣುವ ಕಿಟಕಿ ಇಡೀ ಮನೆಯಲ್ಲಿ ಒಂದೇ. ಅದು ಇದ್ದದ್ದು ಉಳ್ಳಾಗಡ್ಡಿ ಹಾಕುವ ಖೋಲಿಯಲ್ಲಿ. ವರ್ಷಕ್ಕೊಂದು ರಾಶಿ ಉಳ್ಳಾಗಡ್ಡಿ ಆ ಖೋಲಿಯಲ್ಲಿ ಮೈಚಾಚಿ ಮಲಗಿ, ಹಸಿರು ಗುಡ್ಡ ನೋಡಿ, ತಂಗಾಳಿ ಕುಡಿದು, ಸಂತೋಷ ತಡೆಯಲಾರದೆ ಮೊಳಕೆ ಒಡೆಯುತ್ತಿತ್ತು. ಮನೆಯ ಮನುಷ್ಯರು ಮಾತ್ರ ಹಿಂದಿನ ಖೋಲಿಗಳಲ್ಲಿ ದನದ ಕೊಟ್ಟಿಗೆ ನೋಡುತ್ತ ಮಲಗುತ್ತಿದ್ದರು.

"ಮಾವಾರ, ಆ ಖೋಲಿ ನನಗ ಕೊಡ್ರಿ. ಪ್ಯಾಟಿ ಮಂದಿ ಬಂದು ಇರ್ತಾರ. ಗುಡ್ಡ ಹತ್ತತಾರ, ನಮ್ಮ ಊಟ ಉಣ್ತಾರ, ಅದಕ್ಕ ರೊಕ್ಕಾನೂ ಕೊಡ್ತಾರ" ಎಂದು ನೀಲಾ ಒಂದು ದಿನ ಕೇಳಿಯೇಬಿಟ್ಟಳು. ಆ ಮನೆಯಲ್ಲಿ ಪಾತ್ರೆಗಳೆಲ್ಲ ಅತ್ತೆಯವು, ಎತ್ತುಗಳೆಲ್ಲ ಮಾವನವು, ಗಂಡ ಅವರಿಬ್ಬರಿಗೂ ಸೇರಿದವನು. ತನ್ನದು ಅಂತ ಒಂದು ಬಾಗಿಲು, ಒಂದು ಕಿಟಕಿ ಇದ್ದರೆ ಸಾಕಾಗಿತ್ತು ಆಕೆಗೆ.

ಮಾವ ಗುರುಸಂಗಪ್ಪ ಊರಿಗೆ ದೊಡ್ಡ ಕುಳ. ಮೀಸೆ ಎಷ್ಟು ದಪ್ಪವೆಂದರೆ ಮಾತು ಅದರೊಳಗಿಂದ ದಾರಿ ಮಾಡಿಕೊಂಡು ಬರುವಷ್ಟರಲ್ಲಿ ಎದುರಿನವನು ಅರ್ಧ ಒಪ್ಪಿಕೊಂಡಿರುತ್ತಿದ್ದ. ಅವರು ಬಹಳ ಹೊತ್ತು ಯೋಚಿಸಿ ಹೇಳಿದರು: "ಮುಂದಿನ ವಾರ ಉಳ್ಳಾಗಡ್ಡಿ ಕೀಳ್ತೀವಿ. ಅಷ್ಟರೊಳಗ ಯಾರರ ಬರ್ಲಿ ನೋಡೂಣು. ಬಂದವ್ರು ಇರೂ ದಿವಸ ಇದ್ದು, ನಕ್ಕೋಂತ ಹೋದ್ರ ಖೋಲಿ ನಿಂದು. ನಡಬರಕ ಎದ್ದು ಹೋದ್ರ ಉಳ್ಳಾಗಡ್ಡಿದು."

ನೀಲಾ ಅಂದೇ ಖೋಲಿ ಸಾರಿಸಿದಳು, ಸುಣ್ಣ ಹೊಡೆದಳು, ಗಜೇಂದ್ರಗಡದ ಮಗ್ಗದ ಸೀರೆಯೊಂದನ್ನು ಹರಿದು ಪರದೆ ಕಟ್ಟಿದಳು. ಆಮೇಲೆ ಫೋನಿನಲ್ಲಿ ಜಾಹೀರಾತು ಬರೆದಳು. ಸುಳ್ಳು ಬರೆಯಲಿಲ್ಲ, ಸತ್ಯಕ್ಕೆ ಸ್ವಲ್ಪ ಎಣ್ಣೆ ಹಚ್ಚಿ ತಲೆ ಬಾಚಿದಳು ಅಷ್ಟೆ. "ನಮ್ಮ ಗಾಳಿ ಎಷ್ಟು ಚಲೋ ಅಂದರೆ ಸರ್ಕಾರದವರು ಗುಡ್ಡದ ಮೇಲೆ ಫಂಕ ನಿಲ್ಲಿಸಿ ಅದನ್ನು ತಂತಿಯಲ್ಲಿ ಬೇರೆ ಊರಿಗೆ ಕಳಿಸುತ್ತಾರೆ" ಎಂದು ಗಾಳಿಯಂತ್ರಗಳ ಬಗ್ಗೆ ಬರೆದಳು. "ಸುಲಭದ ಗುಡ್ಡ, ಹಳ್ಳಿ ಊಟ, ಪೂರ್ತಿ ಶಾಂತಿ" ಎಂದೂ ಸೇರಿಸಿದಳು. ಮನೆಯ ಪಕ್ಕದಲ್ಲೇ ಹಿಟ್ಟಿನ ಗಿರಣಿ ಇರುವ ಸಂಗತಿ ಯಾಕೋ ಬರೆಯಲು ನೆನಪಾಗಲಿಲ್ಲ.

ಶುಕ್ರವಾರ ಸಂಜೆ ಬೆಂಗಳೂರಿನಿಂದ ಗಂಡ ಹೆಂಡತಿ ಬಂದಿಳಿದರು. ಹೆಂಡತಿ ಐಶ್ವರ್ಯಾ, ಗಂಡ ಶ್ರೀವತ್ಸ. ಸೋಮವಾರ ಮಧ್ಯಾಹ್ನದವರೆಗೆ ಇರುವವರು. ಬೆನ್ನ ಮೇಲೆ ಒಬ್ಬೊಬ್ಬರದು ಒಂದೊಂದು ಸಂಸಾರದಷ್ಟು ದೊಡ್ಡ ಚೀಲ, ಕೈಯಲ್ಲಿ ಎರಡೆರಡು ಕಬ್ಬಿಣದ ಕೋಲು.

ಗುರುಸಂಗಪ್ಪ ಕೋಲುಗಳನ್ನೇ ನೋಡಿದರು. "ಇಬ್ಬರಿಗೂ ಕೂಡಿ ನಾಕು ಕೋಲು ಅದಾವ. ದನ ಎಲ್ಲಿ ಬಿಟ್ರಿ?"

"ಇದು ನಡೆಯೋಕೆ ಸಾರ್. ಮಂಡಿಗೆ ಒಳ್ಳೇದು" ಅಂದ ಶ್ರೀವತ್ಸ.

"ಈ ವಯಸ್ಸಿಗೇ ಕೋಲು ಬಂತಾ?" ಎಂದು ಅತ್ತೆ ಗೌರವ್ವ ಮರುಕದಿಂದ ಲೊಚಗುಟ್ಟಿ, ಊಟಕ್ಕೆ ಕುಳಿತಾಗ ಅವನ ತಾಟಿಗೆ ಇನ್ನೊಂದು ಉಂಡೆ ಬೆಣ್ಣೆ ಹಾಕಿದರು.

ರಾತ್ರಿ ಊಟ ಚೆನ್ನಾಗಿಯೇ ಆಯಿತು. ಬಿಸಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು, ಗುದ್ದಿ ಒಡೆದ ಹಸಿ ಉಳ್ಳಾಗಡ್ಡಿ. ಶ್ರೀವತ್ಸ ಆ ಉಳ್ಳಾಗಡ್ಡಿಯನ್ನು ಕಚ್ಚಿದ, ಕಣ್ಣು ಮುಚ್ಚಿದ, "ಇಂಥದ್ದು ಜೀವಮಾನದಲ್ಲೇ ತಿಂದಿಲ್ಲ" ಅಂದ. ಗುರುಸಂಗಪ್ಪನವರ ಮೀಸೆ ಒಂದು ಕೂದಲಿನಷ್ಟು ಅಲುಗಿತು. ನೀಲಾ ಮನಸ್ಸಿನಲ್ಲೇ ಬಾಗಿಲಿಗೆ ತನ್ನ ಹೆಸರು ಬರೆದುಕೊಂಡಳು.

ಶನಿವಾರ ಬೆಳಿಗ್ಗೆ ಇಬ್ಬರೂ ಬೂಟು ಬಿಗಿದು, ಟೊಪ್ಪಿಗೆ ಹಾಕಿ, ಗುಡ್ಡದ ದಾರಿ ಹಿಡಿದರು. ನೀಲಾ ಕೈಬೀಸಿ ಕಳಿಸಿ ಒಳಗೆ ಬಂದು ರೊಟ್ಟಿಗೆ ಹಿಟ್ಟು ನಾದುವಷ್ಟರಲ್ಲಿ ಹೊರಗೆ ಟ್ರ್ಯಾಕ್ಟರಿನ ಸದ್ದು. ನೋಡಿದರೆ ಟ್ರೇಲರಿನೊಳಗೆ, ಗೊಬ್ಬರದ ಚೀಲಗಳ ಮೇಲೆ, ಐಶ್ವರ್ಯಾ ಮತ್ತು ಶ್ರೀವತ್ಸ ಕೋಲು ಹಿಡಿದು ಕುಳಿತಿದ್ದಾರೆ, ಮೆರವಣಿಗೆಗೆ ಹೊರಟ ಮೂರ್ತಿಗಳ ಹಾಗೆ. ಟ್ರ್ಯಾಕ್ಟರ್ ಯಮನೂರಪ್ಪ ಎದೆ ಉಬ್ಬಿಸಿ ಇಳಿದ. ಮನೆಗೆ ಬಂದ ಅತಿಥಿಗಳನ್ನೆಲ್ಲ ಬೀಗರು ಅನ್ನುವುದು ಆ ಊರಿನ ರೂಢಿ.

"ನೀಲವ್ವ, ನಿಮ್ಮ ಬೀಗರು ದಾರಿ ತಪ್ಪಿದ್ರು ನೋಡು. ನಾ ಇದ್ದೆ, ಪುಣ್ಯಾ. ದೂರ ಹೊಂಟೀರೇನ್ರಿ ಅಂತ ಕೇಳಿದ್ನಿ. ಎಲ್ಲಿಗೂ ಇಲ್ಲ ಅಂದ್ರು! ಎಲ್ಲಿಗೂ ಇಲ್ಲದವರು ರಸ್ತೇಕ ಯಾಕ ಬಂದಿದ್ರು? ಪಾಪ, ತೆಲಿ ತಿರುಗೇತಿ ಅಂತ ತಿಳಕೊಂಡು ಎತ್ತಿ ಕುಂದ್ರಿಸಿಕೊಂಡು ಬಂದೆ."

ಹೊರಟವರನ್ನು 'ಎಲ್ಲಿಗೆ' ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ, ಅದಕ್ಕೇ 'ದೂರವೇ?' ಎಂದು ಕೇಳುವುದು ಅಲ್ಲಿನ ರೀತಿ. ಅಷ್ಟು ಮರ್ಯಾದೆಯಿಂದ ಕೇಳಿದ್ದಕ್ಕೆ ಇಂಥ ಉತ್ತರ ಬಂದರೆ ಯಾರಾದರೂ ಏನು ಮಾಡಬೇಕು?

"ನಾವು ಬೇಡ ಬೇಡ ಅಂದ್ವಿ" ಎಂದಳು ಐಶ್ವರ್ಯಾ, ಕೂದಲಿನಿಂದ ಯೂರಿಯಾ ಕಾಳು ತೆಗೆಯುತ್ತ.

"ಬ್ಯಾಡ ಅಂತ ಎಲ್ಲರೂ ಅಂತಾರವಾ. ಅದು ಸಂಕೋಚ" ಅಂದ ಯಮನೂರಪ್ಪ.

ಎರಡನೆಯ ಸಲ ಅವರು ಹಿಂದಿನ ಹಳ್ಳದ ದಾರಿಯಲ್ಲಿ ಹೋದರು. ಕುರಿ ತುಂಬಿಕೊಂಡು ಗಜೇಂದ್ರಗಡದ ಸಂತೆಗೆ ಹೊರಟಿದ್ದ ತನ್ವೀರನ ಟಂಟಂ ಗಾಡಿ ಎದುರಾಯಿತು. ತನ್ವೀರ ಒಳ್ಳೆಯ ಹುಡುಗ. ನಾಲ್ಕು ಕುರಿ ಕೆಳಗಿಳಿಸಿ, ಇಬ್ಬರನ್ನೂ ಹತ್ತಿಸಿ, ನಾಲ್ಕು ಕುರಿಗಳನ್ನು ಅವರ ತೊಡೆಯ ಮೇಲೆ ಮತ್ತೆ ಏರಿಸಿದ. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಮುಂದೆ ಇಳಿಸಿ, ಅವರು ಎಷ್ಟು ಬೇಡಿಕೊಂಡರೂ ಬಾಡಿಗೆ ಮುಟ್ಟಲಿಲ್ಲ. "ಗುರುಸಂಗಪ್ಪಗೌಡ್ರ ಮನಿ ಬೀಗರ ಹತ್ರ ರೊಕ್ಕ ಇಸಗೊಂಡ್ರ ನಮ್ಮವ್ವ ಖಾಜಾಬಿ ನನ್ನ ಮನಿಯಾಗ ಬಿಟ್ಕೊಂತಾಳೇನ್ರಿ?" ಎಂದು ಮಿರ್ಚಿ ಕೊಡಿಸಿ ಕಳಿಸಿದ. ಅಲ್ಲಿಂದ ಅವರು ನಡೆದೇ ವಾಪಸು ಬರಲು ನೋಡಿದರು. ದಾರಿಯುದ್ದಕ್ಕೂ ಬೈಕುಗಳು ನಿಂತವು. ಒಬ್ಬ ತನ್ನ ಹೆಂಡತಿಯನ್ನು ಬೈಕಿನಿಂದ ಇಳಿಸಿ ಬೇವಿನ ಗಿಡದ ಕೆಳಗೆ ನಿಲ್ಲಿಸಿ, "ನೀ ಹಿಂದಾಗಡೆ ಬಾ" ಎಂದು ಹೇಳಿ ಇವರನ್ನು ಹತ್ತಿಸಿಕೊಂಡ. ಆ ಹೆಂಗಸು ಇವರನ್ನು ನೋಡಿದ ನೋಟದಲ್ಲಿ ಹಸಿ ಜೋಳ ಅರಳಾಗಬಹುದಿತ್ತು.

ಸಂಜೆಯ ಹೊತ್ತಿಗೆ ಸುದ್ದಿ ಕಟ್ಟೆಗೆ ಮುಟ್ಟಿತ್ತು. ಗುರುಸಂಗಪ್ಪನವರ ಹೊಲಕ್ಕೆ ಹೊಂದಿಕೊಂಡೇ ಹೊಲ ಇರುವ ಅಂದಾನೆಪ್ಪ ಅಲ್ಲಿ ಕುಳಿತು ಬಾಯ್ತುಂಬ ನಗುತ್ತಿದ್ದ. "ಗುರುಸಂಗಪ್ಪಣ್ಣಾ, ಮನ್ಯಾಗ ಟ್ರ್ಯಾಕ್ಟರ್ ಐತಿ, ಜೀಪ್ ಐತಿ. ಬೀಗರನ್ನ ಮಾತ್ರ ನಡಿಸಿ ಕೊಲ್ಲಾಕತ್ತೀಯಂತ? ಡಿಸೇಲ್ ಇಲ್ಲಂದ್ರ ನನ್ನ ಕೇಳಬಾರ್ದೇನು?"

ಗುರುಸಂಗಪ್ಪ ಮನೆಗೆ ಬಂದವರೇ ರುಮಾಲು ಕಳಚಿ ಗೂಟಕ್ಕೆ ಎಸೆದರು. ಅದು ಗೂಟ ತಪ್ಪಿ ಹಾಲಿನ ಚರಿಗೆಯೊಳಗೆ ಬಿತ್ತು. "ನಮ್ಮ ಅಜ್ಜನ ಕಾಲದಿಂದ ಈ ಮನಿ ಬೀಗರು ಗಾಡಿ ಇಳದು ಚಪ್ಪಲಿ ಸವಿಸಿಲ್ಲ. ಇವತ್ತ ಅಂದಾನೆಪ್ಪನ ಬಾಯಾಗ ಬಿದ್ದೆ. ನಾಳಿಂದ ಜೀಪಿನಾಗ ಒಯ್ದು ಜೀಪಿನಾಗ ತರ್ರಿ!"

ಪಡಸಾಲೆಯಲ್ಲಿ ಕುಳಿತಿದ್ದ ಐಶ್ವರ್ಯಾ ಇದನ್ನು ಕೇಳಿಸಿಕೊಂಡು ನೀಲಾಳ ಹತ್ತಿರ ಮೆತ್ತಗೆ ಹೇಳಿದಳು: "ನೀಲಾ, ಬೇಜಾರು ಮಾಡ್ಕೋಬೇಡಿ. ಗಾಡೀಲಿ ಕೂರೋದಕ್ಕೆ ನಮಗೆ ಬೆಂಗಳೂರೇ ಸಾಕು. ಇಲ್ಲಿಗೆ ಬಂದಿದ್ದೇ ನಡೆಯೋಕೆ. ನಾಳೆಯೂ ಹೀಗೇ ಆದ್ರೆ ಸಂಜೆ ಬಸ್ಸಿಗೆ ಹೊರಡ್ತೀವಿ."

ನೀಲಾಳ ಕಣ್ಣಿಗೆ ಉಳ್ಳಾಗಡ್ಡಿಯ ರಾಶಿ ಕಂಡಿತು. ಅದು ಮೆಲ್ಲಗೆ ಉರುಳುತ್ತ ಬಂದು ಪರದೆ ಸರಿಸಿ ಕಿಟಕಿಯ ಬಳಿ ಒರಗಿ ಕುಳಿತುಕೊಂಡಿತು.

ಆಕೆ ಜೋಳದ ಡಬ್ಬಿ ಎತ್ತಿಕೊಂಡು ಗಿರಣಿಗೆ ಹೋದಳು. ಮನೆಯಲ್ಲಿ ಹಿಟ್ಟು ಸಾಕಷ್ಟಿತ್ತು. ಆದರೆ ಹಿರೇಕೊಳ್ಳದಲ್ಲಿ ಒಂದು ಮಾತು ಊರಿಗೆಲ್ಲ ಮುಟ್ಟಬೇಕಾದರೆ ಡಂಗುರ ಬೇಡ, ಫೋನೂ ಬೇಡ, ಗಿರಣಿಯಲ್ಲಿ ಸಣ್ಣವ್ವನ ಕಿವಿಗೆ ಹಾಕಿದರಾಯಿತು. ಸಣ್ಣವ್ವ ಹೊಲಗಳಲ್ಲಿ ಕಳೆ ತೆಗೆಯುವವಳು. ಊರಿನ ಪ್ರತಿ ಹೊಲಕ್ಕೂ ಹೋಗುವವಳು, ಪ್ರತಿ ಹೊಲದಲ್ಲೂ ಬಾಯಿಗೆ ಬಿಡುವು ಇರುವವಳು.

"ಸಣ್ಣಕ್ಕ, ಯಾರಿಗೂ ಹೇಳಬ್ಯಾಡ" ಎಂದು ನೀಲಾ ಸುರು ಮಾಡಿದಳು. ಬೇಗ ಹರಡಬೇಕಾದ ಮಾತಿಗೆ ಇದೇ ಸರಿಯಾದ ಮೊದಲು. "ನಮ್ಮ ಮನಿಗೆ ಬಂದವ್ರು ಹರಕಿ ಹೊತ್ತಾರ. ನಡದ ಹೋಗಬೇಕು. ಗಾಲಿ ಇರೂ ಯಾವುದರ ಮ್ಯಾಲೂ ಕುಂದ್ರಂಗಿಲ್ಲ. ಇವತ್ತ ಮೂರ್ಮೂರು ಸಲ ಎತ್ತಿ ಕುಂದ್ರಿಸಿದ್ರು, ಪಾಪ ಯಾರಿಗೆ ತಟ್ಟತೈತೋ."

ಗಿರಣಿಯ ಬೆಲ್ಟಿನ ಸದ್ದಿನಲ್ಲೂ ಸಣ್ಣವ್ವ ಪ್ರತಿ ಅಕ್ಷರ ಕೇಳಿಸಿಕೊಂಡಳು. ಯಾವ ದೇವರಿಗೆ ಎಂದು ಆಕೆ ಕೇಳಲಿಲ್ಲ. ಎಲ್ಲಿಗೆ ಎಂದು ಕೇಳಬಾರದಲ್ಲ. ಅದರಿಂದ ಒಳ್ಳೆಯದೇ ಆಯಿತು. ಊರಿನವರು ತಮತಮಗೆ ಬೇಕಾದ ದೇವರನ್ನು ತಾವೇ ಇಟ್ಟುಕೊಂಡರು. ಮೇಲೋಣಿಯಲ್ಲಿ ಅದು ಶ್ರೀಶೈಲದ ಮಲ್ಲಯ್ಯನಾದ, ಕೆಳಗೋಣಿಯಲ್ಲಿ ಸವದತ್ತಿಯ ಎಲ್ಲಮ್ಮನಾದಳು. ಯಮನೂರಪ್ಪ ಮಾತ್ರ ಯಾವ ದೇವರಾದರೂ ಇರಲಿ ಎಂದು ಟ್ರ್ಯಾಕ್ಟರಿನ ನಾಲ್ಕೂ ಗಾಲಿಗೆ ನಿಂಬೆಹಣ್ಣು ಕಟ್ಟಿದ.

ರವಿವಾರ ಬೆಳಿಗ್ಗೆ ಐಶ್ವರ್ಯಾ, ಶ್ರೀವತ್ಸ ಹೊರಟರೆ ದಾರಿ ಖುಲ್ಲಾ. ಎದುರು ಬಂದ ಬೈಕಿನವರು ಎಂಜಿನ್ ಬಂದ್ ಮಾಡಿ, ಇಳಿದು, ಚಪ್ಪಲಿ ಕಳಚಿ ಬದಿಗೆ ನಿಂತರು. ತನ್ವೀರ ಟಂಟಂ ಗಾಡಿಯನ್ನು ತಾನೇ ಹಿಂದಕ್ಕೆ ತಳ್ಳಿಕೊಂಡು ಹೋಗಿ ಹೊಲದಲ್ಲಿ ಇಳಿಸಿದ. ಇಬ್ಬರೂ ಗುಡ್ಡದ ಅರ್ಧದವರೆಗೆ ಹೋಗಿ, ಹುಲ್ಲಿನಲ್ಲಿ ಮಲಗಿ, ಗಾಳಿಯಂತ್ರದ ರೆಕ್ಕೆ ಎಣಿಸಿ, ಮಧ್ಯಾಹ್ನ ಇಳಿದು ಬಂದರು. ಜೀವಮಾನದಲ್ಲಿ ಇಷ್ಟು ಶಿಸ್ತಿನ ಊರು ನೋಡಿಲ್ಲವೆಂದರು.

ಇಳಿದು ಬಂದರೆ ಮನೆಯ ಮುಂದೆ ಹೆಂಗಸರ ಸಾಲು. ಎಲ್ಲರ ಕೈಯಲ್ಲೂ ನೀರಿನ ತಂಬಿಗೆ. ನಡೆದು ದಣಿದ ಹರಕೆಯವರ ಕಾಲು ತೊಳೆಯುವ ಪುಣ್ಯ ಮನೆಬಾಗಿಲಿಗೇ ಬಂದಿರುವಾಗ ಯಾರು ಬಿಟ್ಟಾರು? ಗೌರವ್ವನೇ ಮುಂದೆ ನಿಂತು ಬೂಟು ಬಿಚ್ಚಿಸಿದರು. ನೀರು ಹಾಕಿದರು, ಅರಿಷಿಣ ಹಚ್ಚಿದರು. ಸಣ್ಣವ್ವ ಬಿಸಿ ಎಣ್ಣೆ ತಂದು ಮೀನಖಂಡ ಹಿಡಿದು ನೀವಿದಳು. ಐಶ್ವರ್ಯಾ ಮೊದಲು ಗಾಬರಿಯಾದಳು. ಆಮೇಲೆ ಗೋಡೆಗೆ ಒರಗಿದಳು. ಆಮೇಲೆ ಕಣ್ಣು ಮುಚ್ಚಿ ನೀಲಾಳಿಗೆ ಹೇಳಿದಳು: "ಇದನ್ನ ನೀವು ಜಾಹೀರಾತಲ್ಲಿ ಹಾಕೇ ಇಲ್ವಲ್ಲ! ಬೆಂಗಳೂರಲ್ಲಿ ಇದಕ್ಕೆ ಎಷ್ಟು ತಗೋತಾರೆ ಗೊತ್ತಾ?"

"ಇದು ಊಟದಾಗ ಬರ್ತೈತ್ರಿ" ಅಂದಳು ನೀಲಾ.

"ಸ್ವಾಮೇರ, ನಮ್ಮ ಎಮ್ಮಿ ತಪ್ಪಿಸಿಕೊಂಡೈತಿ, ಯಾ ದಿಕ್ಕಿಗೆ ಹೋಗೇತಿ ನೋಡಿ ಹೇಳ್ರಿ" ಎಂದು ಒಬ್ಬಳು ಶ್ರೀವತ್ಸನ ಮುಂದೆ ಕುಳಿತಳು. ಅವನು ಪಾಪ, ಬೆಳಿಗ್ಗೆ ಹಳ್ಳದ ಕಡೆ ಒಂದು ಎಮ್ಮೆ ನೋಡಿದ್ದ. ಹಳ್ಳದ ಕಡೆ ಎಂದ. ಎಮ್ಮೆ ಅಲ್ಲೇ ಸಿಕ್ಕಿತು. ಅಷ್ಟು ಸಾಕಾಯಿತು, ಸ್ವಲ್ಪ ಹೊತ್ತಿಗೆಲ್ಲ ಅವನು ಕಣ್ಣು ಮುಚ್ಚಿ ಎಮ್ಮೆಯ ಕೊರಳಗಂಟೆಯ ಬಣ್ಣ ಕೂಡ ಹೇಳಿದನೆಂದು ಊರು ಮಾತಾಡಿತು. ಎಮ್ಮೆಗೆ ಕೊರಳಗಂಟೆಯೇ ಇರಲಿಲ್ಲ. ಅದು ಸಣ್ಣ ವಿಷಯ.

ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಕೆಟ್ಟದ್ದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಹರಕೆಯವರು ಮನೆಯಲ್ಲಿದ್ದಾರೆಂದು ಗೌರವ್ವ ಅಡುಗೆಮನೆಯಿಂದ ಉಳ್ಳಾಗಡ್ಡಿ, ಬಳ್ಳೊಳ್ಳಿಯನ್ನು ಹೊರಗೆ ಹಾಕಿದ್ದರು. ಶ್ರೀವತ್ಸ ರೊಟ್ಟಿ ಮುರಿದು ಅತ್ತಿತ್ತ ನೋಡಿದ. "ಈರುಳ್ಳಿ ಇಲ್ವಾ?"

ಗೌರವ್ವ ನಕ್ಕರು. "ಪರೀಕ್ಷಾ ಮಾಡಾಕತ್ತೀರೇನ್ರಿ? ನಮ್ಮ ಮನಿಯಾಗ ಅಂಥಾ ತಪ್ಪು ಆಗೂದಿಲ್ಲ."

ನೂರು ಚೀಲ ಉಳ್ಳಾಗಡ್ಡಿ ಬೆಳೆಯುವ ಮನೆಯಲ್ಲಿ ಒಂದು ಉಳ್ಳಾಗಡ್ಡಿ ಸಿಗದೆ ಶ್ರೀವತ್ಸ ಮೊಸರು ರೊಟ್ಟಿ ನುಂಗಿ ಎದ್ದ. ಹಾಗೆ ಎದ್ದವನು ಹಿಂದಿನ ಬಾಗಿಲಿನಿಂದ ನೇರ ಹೊಲಕ್ಕೆ ಹೋದ. ಮಡಿಯಿಂದ ಒಂದು ಗಡ್ಡೆ ಕಿತ್ತ, ಅಂಗಿಗೆ ಒರೆಸಿದ, ಕಚ್ಚಿದ. ತಲೆ ಎತ್ತಿದರೆ ಮುಂದೆ ಕುಡುಗೋಲು ಹಿಡಿದು ಸಣ್ಣವ್ವ ನಿಂತಿದ್ದಳು. ಆಕೆ ಕಿರುಚಿದ ಕಿರುಚುವಿಕೆಗೆ ಗುಡ್ಡದ ಮೇಲಿನ ಫಂಕ ಒಂದು ಕ್ಷಣ ತಿರುಗುವುದನ್ನು ಬಿಟ್ಟಿತು.

ಹೊತ್ತು ಮುಳುಗುವುದರೊಳಗೆ ಗುರುಸಂಗಪ್ಪನವರ ಅಂಗಳ ತುಂಬಿತು. ಹರಕೆಯವನು ಉಳ್ಳಾಗಡ್ಡಿ ತಿಂದಿದ್ದಾನೆ! ಅದೂ ಕದ್ದು! ಮನೆಯಲ್ಲಿ ಹರಕೆ ಮುರಿದರೆ ಮನೆಗೆ ಕೇಡು, ಊರಿನಲ್ಲಿ ಮುರಿದರೆ ಊರಿಗೆ ಕೇಡು. ಅಂದಾನೆಪ್ಪ ಎಲ್ಲರಿಗಿಂತ ಹೆಚ್ಚು ದುಃಖದಲ್ಲಿದ್ದ. "ಕಟ್ಟಕಡೀಕ ಗುರುಸಂಗಪ್ಪಣ್ಣನ ಮನ್ಯಾಗ ಹಿಂಗಾತಲ್ಲಪ್ಪ!" ಎಂದು ಎಲ್ಲರಿಗೂ ಕೇಳುವಂತೆ ಲೊಚಗುಟ್ಟಿದ. ಶ್ರೀವತ್ಸ ಅರ್ಧ ಕಚ್ಚಿದ ಗಡ್ಡೆಯನ್ನು ಬೆನ್ನ ಹಿಂದೆ ಹಿಡಿದು, ಏನೂ ಅರ್ಥವಾಗದೆ ಸಾಲೆಯ ಹುಡುಗನಂತೆ ನಿಂತಿದ್ದ.

"ಈಗಿಂದೀಗ ಹೊರಡ್ರಿ" ಅಂದರು ಗುರುಸಂಗಪ್ಪ.

ನೀಲಾ ಮುಂದೆ ಬಂದಳು. ಖೋಲಿ ಹೋಗುವುದಾದರೆ ಸತ್ಯ ಹೇಳಿಯೇ ಹೋಗಲಿ ಎಂದುಕೊಂಡಳು. "ಮಾವಾರ, ಅವ್ರದು ತಪ್ಪಿಲ್ಲ. ಹರಕಿ ಗಿರಕಿ ಏನೂ ಇಲ್ಲ. ನಾನ ಗಿರಣಿಯಾಗ ಸುಳ್ಳು ಹೇಳಿದ್ನಿ, ಮಂದಿ ಗಾಡಿ ಹತ್ತಿಸೂದು ಬಿಡ್ಲಿ ಅಂತ. ಅವ್ರು ಸುಮ್ನ ನಡ್ಯಾಕ ಬಂದವ್ರು."

ಸಣ್ಣವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೋಡ್ರವಾ ಸೊಸಿ ಅಂದ್ರ ಹಿಂಗಿರಬೇಕು. ಬೀಗರ ಮಾನ ಉಳಸಾಕ ಪಾಪ ತನ್ನ ತೆಲಿಮ್ಯಾಲ ಹಾಕ್ಕೊಂಡ್ಲು."

"ಅಲ್ಲ ಸಣ್ಣಕ್ಕ, ಖರೇನ ಸುಮ್ನ..."

"ಸುಮ್ನ ಯಾರರ ನಡೀತಾರೇನ ತಂಗಿ?" ಎಂದು ಯಮನೂರಪ್ಪ ಕರುಣೆಯಿಂದ ಕೇಳಿದ. "ಬೆಂಗಳೂರಿಂದ ರೊಕ್ಕ ಕೊಟ್ಟು ಬಂದು, ನಮ್ಮ ಗುಡ್ಡ ಹತ್ತಿ, ಸುಮ್ನ ಇಳದು ಹೋಗ್ತಾರು? ಸುಳ್ಳು ಹೇಳಿದ್ರೂ ಮಂದಿ ನಂಬೂವಂಗ ಹೇಳಬೇಕವಾ."

ನೀಲಾ ಐಶ್ವರ್ಯಾಳ ಕಡೆ ತಿರುಗಿದಳು. "ನೀವರ ಹೇಳ್ರಿ ಅಕ್ಕಾರ."

"ನಿಜವಾಗ್ಲೂ ನಾವು ಸುಮ್ಮನೆ ನಡೆಯೋಕೇ ಬಂದಿರೋದು" ಅಂದಳು ಐಶ್ವರ್ಯಾ.

"ಹರಕಿ ಹೊತ್ತವ್ರು ಹರಕಿ ಏನಂತ ಬಾಯಿಬಿಟ್ಟು ಹೇಳೂದಿಲ್ಲ, ಗೊತ್ತಾತಿಲ್ಲ?" ಎಂದು ಗೌರವ್ವ ಪಕ್ಕದವಳಿಗೆ ಪಿಸುಗುಟ್ಟಿದರು.

ಗುರುಸಂಗಪ್ಪ ಮಾತ್ರ ಸೊಸೆಯ ಮುಖವನ್ನೇ ನೋಡುತ್ತಿದ್ದರು. ಮೀಸೆಯೊಳಗಿನಿಂದ ಮಾತು ಬರಲು ಬಹಳ ಹೊತ್ತಾಯಿತು. "ಆತು. ನಾಳಿ ಮುಂಜಾನಿ ನಾನ ಇವ್ರ ಜೋಡಿ ಗುಡ್ಡ ಹತ್ತತೀನಿ. ಮ್ಯಾಲ ದೇವರಿದ್ರ ಕಾಯಿ ಒಡಿಸಿ ತಪ್ಪು ಒಪ್ಪಿಸಿ ಕಳಸ್ತೀನಿ. ದೇವರಿಲ್ಲಂದ್ರ ಇವ್ರು ಹುಚ್ಚರು ಅಂತಾತು. ಹರಕಿ ಮುರದವ್ರಿಗೂ ನನ್ನ ಖೋಲಿ ಇಲ್ಲ, ಹುಚ್ಚರಿಗೂ ಇಲ್ಲ. ನೀಲಾ, ಉಳ್ಳಾಗಡ್ಡಿ ಚೀಲ ಝಾಡಿಸಿ ಇಡು."

ಅಂದರೆ ದೇವರಿದ್ದರೂ ಉಳ್ಳಾಗಡ್ಡಿ, ಇಲ್ಲದಿದ್ದರೂ ಉಳ್ಳಾಗಡ್ಡಿ. ಇಂಥ ನ್ಯಾಯ ಕೋರ್ಟಿನಲ್ಲೂ ಸಿಗುವುದಿಲ್ಲ. ನೀಲಾ ಚೀಲ ಝಾಡಿಸಿಟ್ಟಳು.

ಸೋಮವಾರ ಮುಂಜಾನೆ ಗುರುಸಂಗಪ್ಪ ಧೋತರ ಎತ್ತಿ ಕಟ್ಟಿ, ಬಗಲಲ್ಲಿ ಛತ್ರಿ, ಕೈಚೀಲದಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊರಟರು. ನೀಲಾ ನೀರಿನ ಬಾಟಲಿ ಹಿಡಿದು ಹಿಂದೆ. ಗುಡ್ಡದ ಕೆಳಗೇ ಹುಟ್ಟಿ, ಅದರ ನೆರಳಿನಲ್ಲೇ ಮೀಸೆ ಬೆಳೆಸಿದ ಮನುಷ್ಯ, ಹುಡುಗನಾಗಿದ್ದಾಗ ಒಮ್ಮೆ ಕಳೆದುಹೋದ ಆಡು ಹುಡುಕಲು ಹತ್ತಿದ್ದೇ ಕೊನೆ. ಎಮ್ಮೆ ಆರಾಮಾಗಿ ಹತ್ತುವ ಗುಡ್ಡ ಗುರುಸಂಗಪ್ಪನವರಿಗೆ ಯಾಕೋ ಸ್ವಲ್ಪ ಕಡಿದಾಗಿ ಕಂಡಿತು. ಮೊದಲನೆಯ ತಿರುವಿನಲ್ಲಿ ಗುಡ್ಡಕ್ಕೆ ಬೈದರು. ಎರಡನೆಯದರಲ್ಲಿ ಸೊಸೆಗೆ ಬೈದರು. ಆಮೇಲೆ ಬೈಯಲು ಉಸಿರು ಉಳಿಯಲಿಲ್ಲ. ಶ್ರೀವತ್ಸ ತನ್ನ ಎರಡು ಕೋಲು ಮುಂದೆ ಹಿಡಿದ. ಗುರುಸಂಗಪ್ಪ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಇಸಿದುಕೊಂಡರು.

ನೆತ್ತಿಯ ಮೇಲೆ ದೇವರಿರಲಿಲ್ಲ. ಗುಡಿ ಇಲ್ಲ, ಕಲ್ಲಿಲ್ಲ, ಕುಂಕುಮ ಬಿದ್ದ ಗುರುತೂ ಇಲ್ಲ. ಹುಲ್ಲು, ಗಾಳಿ ಅಷ್ಟೆ. ಐಶ್ವರ್ಯಾ, ಶ್ರೀವತ್ಸ ಕೊಳ್ಳದ ಕಡೆ ಮುಖ ಮಾಡಿ ಕುಳಿತರು. ಗುರುಸಂಗಪ್ಪ ತೆಂಗಿನಕಾಯಿ ಹಿಡಿದು, ಒಡೆಯಲು ಜಾಗ ಕಾಣದೆ ನಿಂತರು. ನೀಲಾಳಿಗೆ ತನ್ನ ಕಿಟಕಿ ಮುಚ್ಚಿಹೋದ ಸದ್ದೇ ಕೇಳಿಸಿದಂತಾಯಿತು.

"ಏನ್ ನೋಡಾಕತ್ತೀರಿ?" ಎಂದರು ಗುರುಸಂಗಪ್ಪ, ಏದುಸಿರಿನ ನಡುವೆ.

"ಏನಿಲ್ಲ ಸಾರ್. ಹಾಗೇ... ಕೆಳಗೆ ನೋಡಿ, ಎಷ್ಟು ಚೆನ್ನಾಗಿದೆ" ಅಂದಳು ಐಶ್ವರ್ಯಾ.

ಗುರುಸಂಗಪ್ಪ ನೋಡಿದರು. ಕೆಳಗೆ ಹಿರೇಕೊಳ್ಳ ಪೂರ್ತಿ ಬಿಚ್ಚಿಟ್ಟ ಕೌದಿಯ ಹಾಗೆ ಹಾಸಿತ್ತು. ಜೋಳ, ತೊಗರಿ, ಮೆಣಸಿನಗಿಡ, ತಮ್ಮ ಉಳ್ಳಾಗಡ್ಡಿ ಮಡಿ. ಅದರಾಚೆ ಅಂದಾನೆಪ್ಪನ ಹೊಲ. ಎರಡರ ನಡುವೆ ಗಡಿಯ ಬದು.

ಅವರು ನೋಡುತ್ತಲೇ ಇದ್ದರು. ಛತ್ರಿ ಕೈಯಿಂದ ಜಾರಿ ಬಿತ್ತು. ಒಂದು ಹೆಜ್ಜೆ ಮುಂದೆ ಬಂದರು, ಕಣ್ಣಿಗೆ ಕೈ ಅಡ್ಡ ಹಿಡಿದರು, ತಲೆ ಒಂದು ಕಡೆ ವಾಲಿಸಿದರು. ಮೀಸೆ ನಡುಗಿತು. ಕಣ್ಣಿನಲ್ಲಿ ನೀರು ಬಂತು.

ಐಶ್ವರ್ಯಾ ಗಂಡನ ಕೈ ಒತ್ತಿದಳು. "ನೋಡು, ಎಷ್ಟು ಭಾವುಕರಾದ್ರು. ಇಷ್ಟು ವರ್ಷ ಇಲ್ಲೇ ಇದ್ದೂ ನೋಡಿರ್ಲಿಲ್ಲ ಅನ್ಸುತ್ತೆ."

ನೀಲಾ ಮಾವನ ಕಣ್ಣು ಹೋದ ಕಡೆಗೇ ನೋಡಿದಳು. ಅಬ್ಬಿಗೇರಿಯ ಬಣವೆಯ ಮೇಲೆ ನಿಂತು ಪಳಗಿದ ಕಣ್ಣು, ಥಟ್ಟನೆ ಹಿಡಿಯಿತು. ಬದು ನೆಟ್ಟಗಿರಲಿಲ್ಲ. ಎರಡೂ ತುದಿಯಲ್ಲಿ ಗಡಿಗಲ್ಲಿನ ಹತ್ತಿರ ಸರಿಯಾಗಿದ್ದು, ನಡುವೆ ಮಾತ್ರ ಹೊಟ್ಟೆ ಬಂದವನ ಹಾಗೆ ಇವರ ಹೊಲದೊಳಗೆ ಬಾಗಿತ್ತು. ವರ್ಷ ವರ್ಷ ಉಳುವಾಗ ಒಂದೊಂದೇ ಸಾಲು, ಯಾರಿಗೂ ಗೊತ್ತಾಗದ ಹಾಗೆ, ಅಂದಾನೆಪ್ಪ ಬದುವನ್ನು ತಿಂದು ತಿಂದು ಈಚೆ ಸರಿಸಿದ್ದ. ಹೊಲದಲ್ಲಿ ನಿಂತವನಿಗೆ ಅದು ನೆಟ್ಟಗೇ ಕಾಣುತ್ತದೆ. ಗುಡ್ಡದ ಮೇಲೆ ನಿಂತವನಿಗೆ ಬಾಳೆಹಣ್ಣಿನಷ್ಟು ಸೊಟ್ಟ.

"ಭಾಳ ಚಲೋ ಕಾಣತೈತ್ರಿ" ಅಂದರು ಗುರುಸಂಗಪ್ಪ, ಹಲ್ಲು ಕಡಿಯುತ್ತ. "ಯವ್ವಾ, ನಿನ್ನ ಫೋನಿನಾಗ ಒಂದು ಫೋಟೋ ಹೊಡಿ."

"ನಿಮ್ದಾ ಸಾರ್?"

"ನ‌ಂದ ಏನ ಮಾಡ್ತಿ, ಹೊಲದ್ದು ಹೊಡಿ. ಅಲ್ಲಿ, ಆ ಬಾಗೇತಲ್ಲ, ಅದು ಬರಬೇಕು. ಇನ್ನೂ ಹತ್ರ ತಗೊಂಬಾ. ಹಾಂ. ಇನ್ನೊಂದು."

ಐಶ್ವರ್ಯಾ ಹೊಡೆದಳು. ಎಡದಿಂದ ಒಂದು, ಬಲದಿಂದ ಒಂದು, ಬೆಳಕು ತಿರುಗಿದ ಮೇಲೆ ಮತ್ತೊಂದು. ಒಬ್ಬ ರೈತನಿಗೆ ತನ್ನ ನೆಲದ ಮೇಲೆ ಇಷ್ಟು ಪ್ರೀತಿ ಇರುವುದನ್ನು ಕಂಡು, ಅವರು ಕೇಳದಿದ್ದರೂ ಆಕೆ ಇನ್ನೆರಡು ಹೊಡೆದಳು. ಗುರುಸಂಗಪ್ಪ ಅಲ್ಲೇ ಒಂದು ಬಂಡೆಗೆ ತೆಂಗಿನಕಾಯಿ ಅಪ್ಪಳಿಸಿದರು. ಅದು ಎರಡು ಹೋಳಾಗುವ ಬದಲು ಎಂಟು ಚೂರಾಯಿತು. ಹೊಡೆಯುವಾಗ ಮನಸ್ಸಿನಲ್ಲಿ ಇದ್ದ ತಲೆ ಬೇರೆ. "ದೇವರು ಅದಾನ ನೀಲಾ. ಇಲ್ಲೇ ಅದಾನ" ಅಂದರು.

ಇಳಿಯುವಾಗ ಅವರಿಗೆ ಕೋಲೂ ಬೇಕಾಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಗುರುಸಂಗಪ್ಪನವರೇ ಅಡುಗೆಮನೆಗೆ ಹೋಗಿ ಉಳ್ಳಾಗಡ್ಡಿ ತಂದು, ತಮ್ಮ ಮುಷ್ಟಿಯಿಂದ ಗುದ್ದಿ ಶ್ರೀವತ್ಸನ ತಾಟಿಗಿಟ್ಟರು. ಗೌರವ್ವ ಬಾಯಿ ತೆರೆದರು. ಗುರುಸಂಗಪ್ಪ ನೋಡಿದ ನೋಟಕ್ಕೆ ಮುಚ್ಚಿದರು. ಅತಿಥಿಗಳು ನಗುತ್ತ, ಮುಂದಿನ ತಿಂಗಳು ಗೆಳೆಯರನ್ನು ಕಳಿಸುತ್ತೇವೆಂದು ಹೇಳುತ್ತ, ಬಸ್‌ಸ್ಟ್ಯಾಂಡಿನವರೆಗೂ ನಡೆದೇ ಹೋದರು. ಯಾರೂ ಗಾಡಿ ನಿಲ್ಲಿಸಲಿಲ್ಲ.

ಅವರ ಬೆನ್ನು ಮರೆಯಾದದ್ದೇ ತಡ, ಗುರುಸಂಗಪ್ಪ ಸೊಸೆಯನ್ನು ಕರೆದರು.

"ಖೋಲಿ ನಿಂದು."

ನೀಲಾ ಝಾಡಿಸಿಟ್ಟಿದ್ದ ಚೀಲಗಳ ಮೇಲೆ ಕೈ ಇಟ್ಟುಕೊಂಡು ನಿಂತಳು. ಕೇಳಿದ್ದು ಸರಿಯೋ ಅಲ್ಲವೋ ಎಂಬ ಅನುಮಾನ. "ಅವ್ರು ಹುಚ್ಚರು ಅಂತ ಆಗಲಿಲ್ಲೇನ್ರಿ ಮಾವಾರ?"

"ಹುಚ್ಚರ ಬೇಕು ನನಗ. ವಾರಕ್ಕ ಒಂದರ ಜೋಡಿ ತರಸು. ಗುಡ್ಡ ಹತ್ತವ್ರು ಇರಬೇಕು, ಖೋಲಿಯಾಗ ಬಿದ್ದುಕೊಳ್ಳವ್ರು ಬ್ಯಾಡ. ಸರ್ವೇದವ್ರು ಬರೂತನಕ ಆ ಬದಾ ನನ್ನ ಕಣ್ಣಾಗ ಇರಬೇಕು. ನಾ ಒಬ್ಬನ ದಿನಾ ಹತ್ತಿದ್ರ ಅಂದಾನೆಪ್ಪಗ ವಾಸನಿ ಬಡೀತೈತಿ. ಬೀಗರಿಗೆ ಗುಡ್ಡ ತೋರ್ಸಾಕ ಹೊಂಟೀನಿ ಅಂದ್ರ ಅಂವಾ ಏನ್ ಅಂದಾನು? ಸುಮ್ನ ನಡ್ಯಾಕ ಹೊಂಟೀನಪ್ಪ ಅಂತೀನಿ."

"ಹಂಗಾರ ಉಳ್ಳಾಗಡ್ಡಿ ಎಲ್ಲಿ ಹಾಕೂದ್ರಿ?"

"ನನ್ನ ಖೋಲಿಯಾಗ ಹಾಕಸು. ನಾ ಪಡಸಾಲ್ಯಾಗ ಮಲಗ್ತೀನಿ. ಅಲ್ಲಿಂದ ಗುಡ್ಡಕ್ಕ ಸನೇ ಆಗತೈತಿ."

ಒಳಗಿನಿಂದ ಗೌರವ್ವನ ಧ್ವನಿ ಬಂತು. "ಹಂಗಾರ ನಾ ಒಬ್ಬಾಕಿ ಉಳ್ಳಾಗಡ್ಡಿ ಜೋಡಿ ಮಲಗೂದೇನು?"

"ಇಷ್ಟ ವರ್ಷ ನನ್ನ ಗೊರಕಿ ಕೇಳ್ಕೋಂತ ಮಲಗೀದಿ. ಉಳ್ಳಾಗಡ್ಡಿಗೆ ಗೊರಕಿ ಇರೂದಿಲ್ಲ, ಸುಮ್ನಿರು" ಎಂದು ಗುರುಸಂಗಪ್ಪ ಚಪ್ಪಲಿ ಮೆಟ್ಟಿದರು. ಗಜೇಂದ್ರಗಡಕ್ಕೆ ಹೋಗಿ ತಮಗೂ ಎರಡು ಕಬ್ಬಿಣದ ಕೋಲು ಸಿಗುತ್ತವೆಯೇ ನೋಡಿ ಬರುವವರಿದ್ದರು. ಜೀಪಿನ ಕೀಲಿ ಗೂಟದಲ್ಲೇ ಇತ್ತು. ಅದನ್ನು ಮುಟ್ಟದೆ, ಊರೆಲ್ಲ ನೋಡುವ ಹಾಗೆ, ನಡುರಸ್ತೆಯಲ್ಲಿ ನಡೆದುಕೊಂಡು ಹೊರಟರು.

ಗಿರಣಿಯ ಮುಂದೆ ನಿಂತಿದ್ದ ಸಣ್ಣವ್ವ ನೋಡಿದಳು. ಬಗ್ಗಿ ಚಪ್ಪಲಿ ಕಳಚಿದಳು. ಆಮೇಲೆ ತಂಬಿಗೆಗೆ ನೀರು ತುಂಬಿಸಲು ಓಡಿದಳು.